ಬ್ಯಾಟರಿಯೂ ಬಂಡವಾಳವೇ: ವಿಡಿಯೊ ವೃತ್ತಿಯವರು ಇಡಬೇಕಾದ ಲೆಕ್ಕ

ಮದುವೆಯ ಹಂದರದಲ್ಲಿ ಅಕ್ಕಿಕಾಳು ಬೀಳುವ ಗಳಿಗೆ ಒಂದೇ ಬಾರಿ ಬರುತ್ತದೆ. ಬನಶಂಕರಿಯ ತೇರು ಸಾಗುವ ಹೊತ್ತು ವರ್ಷಕ್ಕೊಮ್ಮೆ ಬರುತ್ತದೆ. ಐಹೊಳೆಯ ದುರ್ಗ ಗುಡಿಯ ಕಂಬಗಳ ಮೇಲೆ ಮುಂಜಾನೆಯ ಎಳೆಬಿಸಿಲು ಓರೆಯಾಗಿ ಬಿದ್ದು ಶಿಲ್ಪಗಳು ಎದ್ದು ಕಾಣುವ ಅವಧಿಯೂ ಅಲ್ಪವೇ. ಇಂಥ ಗಳಿಗೆಗಳನ್ನು ಹಿಡಿದುಕೊಡುವುದಾಗಿ ಒಪ್ಪಿ ಮುಂಗಡ ಪಡೆಯುವುದೇ ವಿಡಿಯೊ ಚಿತ್ರೀಕರಣದ ವೃತ್ತಿ. ಆ ಗಳಿಗೆಯಲ್ಲಿ ಕ್ಯಾಮೆರಾದ ಬ್ಯಾಟರಿ ಕೈಕೊಟ್ಟರೆ ಗಿರಾಕಿಗೆ ಹಣವನ್ನು ಹಿಂದಿರುಗಿಸಬಹುದು, ಗಳಿಗೆಯನ್ನು ಹಿಂದಿರುಗಿಸಲಾಗದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗಗಳಲ್ಲಿ ಫೋಟೊ ಹಾಗೂ ವಿಡಿಯೊ ಸ್ಟುಡಿಯೊಗಳು ಇಂದು ಸಣ್ಣ ಉದ್ದಿಮೆಯ ಒಂದು ಮುಖ್ಯ ಭಾಗವಾಗಿವೆ. ಮದುವೆ, ಜಾತ್ರೆ, ಪ್ರವಚನ, ಶಾಲಾ ಸಮಾರಂಭಗಳಲ್ಲದೆ, ಸೀರೆ ಹಾಗೂ ಗ್ರಾನೈಟ್ ವ್ಯಾಪಾರಿಗಳ ಪ್ರಚಾರ ಚಿತ್ರಗಳೂ ಇವರ ಕೈಯಲ್ಲೇ ತಯಾರಾಗುತ್ತವೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಕ್ಯಾಮೆರಾ ಕೊಳ್ಳುವವರು ಅದರ ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಜೋಪಾನ ಮಾಡುತ್ತಾರೆ. ಆದರೆ ಆ ಕ್ಯಾಮೆರಾವನ್ನು ನಡೆಸುವ ಬ್ಯಾಟರಿಯನ್ನು ಕಾರಿನ ಡಿಕ್ಕಿಯಲ್ಲಿ ಎಸೆದು ಮರೆಯುತ್ತಾರೆ. ಬ್ಯಾಟರಿ ಹೆಚ್ಚು ಕಾಲ ಬಾಳುವುದು ಅದೃಷ್ಟದ ಮಾತಲ್ಲ. ಅದು ಸರಕಿನ ಲೆಕ್ಕ ಇಡುವಷ್ಟೇ ಸರಳವಾದ, ಅಷ್ಟೇ ಶಿಸ್ತು ಬೇಡುವ ವ್ಯವಹಾರ.

ಐಹೊಳೆಯಲ್ಲಿ ಒಂದು ದಿನ

ಹುನಗುಂದ ತಾಲೂಕಿನ ಐಹೊಳೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಲಪ್ರಭೆಯ ದಂಡೆಯ ಈ ಊರಿನಲ್ಲಿ ಚಾಲುಕ್ಯರ ಕಾಲದ ನೂರಕ್ಕೂ ಹೆಚ್ಚು ಗುಡಿಗಳಿವೆ. ದುರ್ಗ ಗುಡಿ ಹಾಗೂ ಲಾಡಖಾನ್ ಗುಡಿ ಒಂದು ಆವರಣದಲ್ಲಿದ್ದರೆ, ರವಿಕೀರ್ತಿಯ ಕ್ರಿ.ಶ. 634-35ರ ಶಾಸನವಿರುವ ಮೇಗುತಿ ಬಸದಿ ಗುಡ್ಡದ ಮೇಲಿದೆ. ಅಲ್ಲಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ವೃತ್ತಿಪರ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆದಿರಬೇಕು. ಹಗಲು ಮುಗಿದರೆ ಕೆಲಸವೂ ಮುಗಿಯುತ್ತದೆ. ಅನುಮತಿ ದೊರೆತ ದಿನ ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಪ್ರಯಾಣದ ವೆಚ್ಚ.

ಇಂಥ ಸ್ಥಳದಲ್ಲಿ ಗೋಡೆಯ ಪ್ಲಗ್ಗು ದೊರೆಯುವುದೆಂದು ನಂಬಿ ಹೋಗಲಾಗದು. ಬೆಳಗಿನಿಂದ ಸಂಜೆಯವರೆಗೆ ಚೀಲದಲ್ಲಿ ತಂದಷ್ಟೇ ವಿದ್ಯುತ್ತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಬಿಸಿಲಿಗೆ ಕಾಯ್ದ ಮರಳುಗಲ್ಲಿನ ಕಟ್ಟೆಯ ಮೇಲೆ ಇಟ್ಟ ಬ್ಯಾಟರಿ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಮದುವೆಯ ಸುಗ್ಗಿಯೂ ಇದೇ ತಿಂಗಳುಗಳಲ್ಲಿ ಬರುತ್ತದೆ. ಹೀಗಾಗಿ ಕೆಲಸ ಹೆಚ್ಚಿರುವ ಕಾಲವೂ ಬ್ಯಾಟರಿಗೆ ಕೆಟ್ಟದಾದ ಕಾಲವೂ ಒಂದೇ ಆಗಿವೆ. ಬೇರೆ ಊರಿನವರಿಗೆ ಕೇವಲ ಸಲಹೆಯಾಗಿರುವ ಮಾತು ಈ ಭಾಗದವರಿಗೆ ವ್ಯಾಪಾರದ ಅಗತ್ಯವಾಗುವುದು ಈ ಕಾರಣದಿಂದಲೇ.

ಹಳೆಯ ರೂಢಿ, ಹೊಸ ಬ್ಯಾಟರಿ

"ಪೂರ್ತಿ ಖಾಲಿಯಾಗುವವರೆಗೆ ಚಾರ್ಜ್ ಮಾಡಬಾರದು" ಎಂಬ ಮಾತನ್ನು ಹಿರಿಯ ಕ್ಯಾಮೆರಾಮನ್‌ಗಳು ಇಂದಿಗೂ ಹೇಳುವುದುಂಟು. ಈ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ವಿಎಚ್ಎಸ್ ಟೇಪಿನ ಕಾಲದಲ್ಲಿ ಬಳಕೆಯಲ್ಲಿದ್ದ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಗಳನ್ನು ಪ್ರತಿ ಬಾರಿಯೂ ಅರ್ಧಕ್ಕೇ ಚಾರ್ಜ್ ಮಾಡುತ್ತ ಹೋದರೆ ಅವು ಅಷ್ಟಕ್ಕೇ ಒಗ್ಗಿಕೊಂಡು ಕಡಿಮೆ ಹೊತ್ತು ನಡೆಯುತ್ತಿದ್ದವು. ಅದನ್ನೇ ಬ್ಯಾಟರಿಯ 'ಮೆಮೊರಿ' ದೋಷವೆಂದು ಕರೆಯುತ್ತಿದ್ದರು.

ಇಂದಿನ ವೃತ್ತಿಪರ ಕ್ಯಾಮೆರಾಗಳೆಲ್ಲ ಬಹುತೇಕ ಲಿಥಿಯಮ್-ಅಯಾನ್ ಬ್ಯಾಟರಿಗಳಿಂದ ನಡೆಯುತ್ತವೆ. ಇವನ್ನು ವಾಣಿಜ್ಯ ಪ್ರಮಾಣದಲ್ಲಿ ಮೊದಲು ಮಾರುಕಟ್ಟೆಗೆ ತಂದುದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಅವನ್ನು ಆರಂಭದಲ್ಲೇ ಬಳಸಿಕೊಂಡ ಉಪಕರಣಗಳಲ್ಲಿ ಅದೇ ಕಂಪನಿಯ 8 ಮಿ.ಮೀ. ವಿಡಿಯೊ ಕ್ಯಾಮೆರಾ ಒಂದಾಗಿತ್ತು. ಈ ಬ್ಯಾಟರಿಯ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಲಿಥಿಯಮ್ ಬ್ಯಾಟರಿಯ ಸ್ವಭಾವ ಹಳೆಯದಕ್ಕೆ ತದ್ವಿರುದ್ಧವಾದುದು. ಇದನ್ನು ಪದೇ ಪದೇ ಪೂರ್ತಿ ಖಾಲಿ ಮಾಡುವುದರಿಂದಲೇ ಆಯುಸ್ಸು ಕುಗ್ಗುತ್ತದೆ. ಅರ್ಧ ಬಳಸಿ ಚಾರ್ಜ್ ಮಾಡಿದರೆ ಯಾವ ಹಾನಿಯೂ ಇಲ್ಲ. ಸಾಮಾನ್ಯವಾಗಿ 300ರಿಂದ 500 ಪೂರ್ಣ ಆವರ್ತನಗಳ ಬಳಿಕ ಇದರ ಸಾಮರ್ಥ್ಯ ಗಣನೀಯವಾಗಿ ಇಳಿಯುತ್ತದೆ. ಅರ್ಧರ್ಧ ಬಳಸಿದರೆ ಎರಡು ಬಾರಿಯ ಬಳಕೆ ಸೇರಿ ಒಂದು ಆವರ್ತನವಾಗುತ್ತದೆ. ಹಳೆಯ ರೂಢಿಯನ್ನು ಹೊಸ ಬ್ಯಾಟರಿಗೆ ಅನ್ವಯಿಸುವವರು ತಮ್ಮ ಬಂಡವಾಳವನ್ನು ತಾವೇ ಕರಗಿಸಿಕೊಳ್ಳುತ್ತಾರೆ. ಉಳಿದ ನಿಮಿಷಗಳನ್ನು ತೋರಿಸುವ ಬ್ಯಾಟರಿಗಳಲ್ಲಿ ಆ ಅಂಕಿ ತಪ್ಪಾಗತೊಡಗಿದರೆ, ಕೆಲವು ತಿಂಗಳಿಗೊಮ್ಮೆ ಮಾತ್ರ ಕ್ಯಾಮೆರಾ ತಾನಾಗಿ ನಿಲ್ಲುವವರೆಗೆ ನಡೆಸಿ, ಕೂಡಲೇ ಪೂರ್ತಿ ಚಾರ್ಜ್ ಮಾಡಿದರೆ ಸಾಕು.

ಲೆಕ್ಕ ವ್ಯಾಟ್-ಅವರ್‌ನಲ್ಲಿರಲಿ

ಬ್ಯಾಟರಿ ಕೊಳ್ಳುವಾಗ ಹೆಚ್ಚಿನವರು ನೋಡುವುದು ಮಿಲಿಆಂಪಿಯರ್-ಅವರ್ ಅಂಕಿಯನ್ನು. ಇದು ಧಾರಣೆಯನ್ನು ನೋಡಿ ತೂಕವನ್ನು ನೋಡದೆ ಸರಕು ಕೊಂಡಂತೆ. ಬ್ಯಾಟರಿಯಲ್ಲಿ ನಿಜವಾಗಿ ಎಷ್ಟು ಶಕ್ತಿ ಇದೆಯೆಂಬುದನ್ನು ಹೇಳುವುದು ವ್ಯಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಈ ಅಂಕಿ ದೊರೆಯುತ್ತದೆ.

7.2 ವೋಲ್ಟಿನ, 6,600 ಮಿಲಿಆಂಪಿಯರ್-ಅವರ್ ಬ್ಯಾಟರಿಯೊಂದರಲ್ಲಿ 47.5 ವ್ಯಾಟ್-ಅವರ್ ಇರುತ್ತದೆ. 14.4 ವೋಲ್ಟಿನ, 3,900 ಮಿಲಿಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 56 ವ್ಯಾಟ್-ಅವರ್ ಇರುತ್ತದೆ. ಮಿಲಿಆಂಪಿಯರ್ ಮಾತ್ರ ನೋಡಿದವನಿಗೆ ಮೊದಲನೆಯದು ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ದೊಡ್ಡದು ಎರಡನೆಯದು.

ಇನ್ನು ಖರ್ಚಿನ ಬದಿ. ಕ್ಯಾಮೆರಾ ಎಷ್ಟು ವ್ಯಾಟ್ ತಿನ್ನುತ್ತದೆಂಬುದು ಅದರ ಕೈಪಿಡಿಯ ಕೊನೆಯ ಪುಟಗಳಲ್ಲಿ ಮುದ್ರಿತವಾಗಿರುತ್ತದೆ. ಕೈಯಲ್ಲಿ ಹಿಡಿದು ನಡೆಸುವ ಮಾದರಿಯೊಂದು 12 ವ್ಯಾಟ್ ಬಳಸುತ್ತದೆಂದು ಇಟ್ಟುಕೊಳ್ಳಬಹುದು. 47.5 ವ್ಯಾಟ್-ಅವರ್‌ನಲ್ಲಿ ಐದರಲ್ಲಿ ನಾಲ್ಕು ಪಾಲನ್ನು, ಅಂದರೆ 38ನ್ನು ಮಾತ್ರ ನಂಬಬೇಕು. ಉಳಿದ ಪಾಲು ಬ್ಯಾಟರಿಯ ವಯಸ್ಸಿಗೆ ಮತ್ತು ಅನಿರೀಕ್ಷಿತಕ್ಕೆ ಮೀಸಲು. 38ನ್ನು 12ರಿಂದ ಭಾಗಿಸಿದರೆ ಮೂರು ತಾಸು ಹತ್ತು ನಿಮಿಷ ದೊರೆಯುತ್ತದೆ. ಅದೇ ಬ್ಯಾಟರಿಯಿಂದ 10 ವ್ಯಾಟಿನ ಲೈಟನ್ನೂ ಉರಿಸಿದರೆ ಒಟ್ಟು ಖರ್ಚು 22 ವ್ಯಾಟಿಗೆ ಏರಿ, ಎರಡು ತಾಸಿಗೆ ಮೊದಲೇ ಕ್ಯಾಮೆರಾ ನಿಲ್ಲುತ್ತದೆ.

ಮುಂಜಾನೆ ಆರಕ್ಕೆ ಸುರಗಿಯಿಂದ ಆರಂಭವಾಗಿ ಮಧ್ಯಾಹ್ನ ಮೂರಕ್ಕೆ ಊಟದೊಂದಿಗೆ ಮುಗಿಯುವ ಮದುವೆಯಲ್ಲಿ ಕ್ಯಾಮೆರಾ ಆರು ತಾಸು ಚಾಲೂ ಇರುತ್ತದೆಂದು ಎಣಿಸಿದರೆ ಬೇಕಾಗುವುದು 72 ವ್ಯಾಟ್-ಅವರ್. ಮೇಲಿನ ಲೆಕ್ಕದಂತೆ ಎರಡು ಬ್ಯಾಟರಿ 76 ಕೊಡುತ್ತವೆ. ಆದರೆ ಎರಡನ್ನೇ ಒಯ್ಯುವವರು ಅಂಗಡಿಯಲ್ಲಿ ಮೀಸಲು ದಾಸ್ತಾನು ಇಡದ ವ್ಯಾಪಾರಿಯಂತೆ. ಲೆಕ್ಕಕ್ಕೆ ಬಂದದ್ದಕ್ಕಿಂತ ಒಂದು ಹೆಚ್ಚು ಎಂಬುದೇ ಈ ವೃತ್ತಿಯ ಸರಿಯಾದ ನಿಯಮ.

ವಿದ್ಯುತ್ತು ಎಲ್ಲಿ ಸೋರುತ್ತದೆ

ರೆಕಾರ್ಡ್ ಮಾಡುವಾಗ ಮಾತ್ರ ಬ್ಯಾಟರಿ ಖರ್ಚಾಗುತ್ತದೆ ಎಂಬ ಭಾವನೆ ತಪ್ಪು. ಮೆಮೊರಿ ಕಾರ್ಡಿನಲ್ಲಿ ದಾಖಲಿಸುವ ಇಂದಿನ ಕ್ಯಾಮೆರಾಗಳು ಸುಮ್ಮನೆ ಕಾಯುತ್ತಿರುವಾಗಲೂ ಬಹುತೇಕ ಅಷ್ಟೇ ವಿದ್ಯುತ್ತನ್ನು ಬಳಸುತ್ತವೆ, ಏಕೆಂದರೆ ಚಿತ್ರವನ್ನು ಗ್ರಹಿಸುವ ಸಂವೇದಕವೂ ಅದನ್ನು ಸಂಸ್ಕರಿಸುವ ಭಾಗವೂ ಪರದೆಯೂ ನಿರಂತರವಾಗಿ ದುಡಿಯುತ್ತಿರುತ್ತವೆ. ಬೀಗರ ಊಟಕ್ಕೆ ಅರ್ಧ ತಾಸು ಬಿಡುವಿದ್ದರೆ ಕ್ಯಾಮೆರಾವನ್ನು ಪೂರ್ತಿ ಆರಿಸುವುದು ಲಾಭ. ಮುಹೂರ್ತಕ್ಕೆ ಐದು ನಿಮಿಷವಿರುವಾಗ ಆರಿಸುವುದು ಮಾತ್ರ ಅವಿವೇಕ.

ಪರದೆಯ ಪ್ರಕಾಶವನ್ನು ಗರಿಷ್ಠಕ್ಕೆ ಇಡುವುದು, ಬಳಕೆಯಿಲ್ಲದ ವೈ-ಫೈ ಹಾಗೂ ಬ್ಲೂಟೂತನ್ನು ತೆರೆದಿಡುವುದು, ಟ್ರೈಪಾಡಿನ ಮೇಲಿದ್ದಾಗಲೂ ಕಂಪನ ತಡೆಯುವ ವ್ಯವಸ್ಥೆಯನ್ನು ಚಾಲೂ ಬಿಡುವುದು, ತೆಗೆದ ದೃಶ್ಯವನ್ನು ಬಂಧುಗಳಿಗೆ ಸ್ಥಳದಲ್ಲೇ ಮತ್ತೆ ಮತ್ತೆ ತೋರಿಸುವುದು, ಇವೆಲ್ಲ ಚಿಕ್ಕ ಚಿಕ್ಕ ಸೋರಿಕೆಗಳು. ಬಿಸಿಲಿನಲ್ಲಿ ಪರದೆಯ ಪ್ರಕಾಶ ಹೆಚ್ಚಿಸುವುದಕ್ಕಿಂತ ಅದಕ್ಕೊಂದು ನೆರಳಿನ ಮುಚ್ಚಳ ಹಾಕುವುದು ಅಥವಾ ವ್ಯೂಫೈಂಡರಿನಲ್ಲಿ ನೋಡುವುದು ಮೇಲು. 4ಕೆ ಗುಣಮಟ್ಟದ ದಾಖಲೆಗೆ ಎಚ್‌ಡಿಗಿಂತ ಹೆಚ್ಚು ಶಕ್ತಿ ಬೇಕು. ಗಿರಾಕಿ ಕೇಳಿದ್ದು ಎಚ್‌ಡಿ ಆಗಿದ್ದರೆ ಇಡೀ ದಿನ 4ಕೆಯಲ್ಲಿ ಚಿತ್ರೀಕರಿಸಿ ಬ್ಯಾಟರಿಯನ್ನೂ ಕಾರ್ಡನ್ನೂ ತುಂಬಿಸುವ ಅಗತ್ಯವನ್ನು ಒಮ್ಮೆ ಯೋಚಿಸಬೇಕು.

ಲೈಟಿಗೆ ಪ್ರತ್ಯೇಕ ಬ್ಯಾಟರಿ ಇರುವುದು ಕಡ್ಡಾಯವೆಂದೇ ತಿಳಿಯಬೇಕು. ಲೈಟು ಆರಿದರೆ ಚಿತ್ರ ಮಸುಕಾಗುತ್ತದೆ. ಕ್ಯಾಮೆರಾ ಆರಿದರೆ ಚಿತ್ರವೇ ಇರುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಕ್ಯಾಮೆರಾ ಒಂದೇ ಕಡೆ ನಿಂತಿರುವಾಗ ಅಡಾಪ್ಟರಿನಿಂದ ಕರೆಂಟು ಪಡೆದು ಬ್ಯಾಟರಿಯನ್ನು ಉಳಿಸಬಹುದು. ಕರೆಂಟು ಹೋದೊಡನೆ ಕ್ಯಾಮೆರಾ ದಾಖಲೆ ನಿಲ್ಲಿಸದೆ ಬ್ಯಾಟರಿಗೆ ಬದಲಾಗುತ್ತದೆಯೇ ಎಂಬುದನ್ನು ಮಾತ್ರ ಸ್ಟುಡಿಯೊದಲ್ಲೇ ಪರೀಕ್ಷಿಸಿಕೊಂಡಿರಬೇಕು. ಎಲ್ಲ ಮಾದರಿಗಳಲ್ಲಿ ಈ ಅನುಕೂಲ ಇರುವುದಿಲ್ಲ.

ಬಿಸಿಲೇ ಮೊದಲ ವೈರಿ

ಲಿಥಿಯಮ್ ಬ್ಯಾಟರಿಯನ್ನು ಮುದಿಗೊಳಿಸುವ ಕಾರಣಗಳು ಮುಖ್ಯವಾಗಿ ಮೂರು: ಬಳಕೆ, ಉಷ್ಣ ಮತ್ತು ತುಂಬಿದ ಸ್ಥಿತಿಯಲ್ಲಿ ಕಳೆಯುವ ಕಾಲ. ಬ್ಯಾಟರಿಯೊಳಗಿನ ದ್ರಾವಣ ಉಷ್ಣ ಹೆಚ್ಚಿದಂತೆ ವಿದ್ಯುದ್ವಾರಗಳೊಡನೆ ಹೆಚ್ಚು ವೇಗವಾಗಿ ಪ್ರತಿಕ್ರಿಯಿಸುತ್ತದೆ. ಅಲ್ಲಿ ಪದರವೊಂದು ದಪ್ಪವಾಗುತ್ತ ಹೋಗಿ, ಕೆಲಸ ಮಾಡಬೇಕಾದ ಲಿಥಿಯಮ್ಮಿನ ಒಂದು ಪಾಲು ಅದರಲ್ಲೇ ಸಿಕ್ಕಿಬೀಳುತ್ತದೆ. ಒಳಗಿನ ಪ್ರತಿರೋಧವೂ ಏರುತ್ತದೆ. ಹಳೆಯ ಬ್ಯಾಟರಿ ಪರದೆಯ ಮೇಲೆ 40 ಪ್ರತಿಶತ ತೋರಿಸುತ್ತಲೇ ಥಟ್ಟನೆ ನಿಂತುಹೋಗುವುದು ಈ ಪ್ರತಿರೋಧದ ಪರಿಣಾಮ. ಒಮ್ಮೆ ಹೀಗೆ ಹೋದ ಸಾಮರ್ಥ್ಯ ಯಾವ ರಿಪೇರಿಯಿಂದಲೂ ಮರಳದು.

ಬ್ಯಾಟರಿ ತಜ್ಞರು ಪ್ರಕಟಿಸಿರುವ ಅಂದಾಜು ಅಂಕಿಗಳು ಗಮನಾರ್ಹವಾಗಿವೆ. 25 ಡಿಗ್ರಿಯಲ್ಲಿ, 40 ಪ್ರತಿಶತ ಚಾರ್ಜಿನೊಂದಿಗೆ ಒಂದು ವರ್ಷ ಇಟ್ಟ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ 96 ಪ್ರತಿಶತ ಉಳಿಯುತ್ತದೆ. ಅದೇ ಉಷ್ಣಾಂಶದಲ್ಲಿ ಪೂರ್ತಿ ಚಾರ್ಜ್ ಮಾಡಿ ಇಟ್ಟರೆ ಉಳಿಯುವುದು 80 ಪ್ರತಿಶತ. ಉಷ್ಣಾಂಶ 40 ಡಿಗ್ರಿಯಾದರೆ ಈ ಅಂಕಿಗಳು ಕ್ರಮವಾಗಿ 85 ಮತ್ತು 65ಕ್ಕೆ ಇಳಿಯುತ್ತವೆ. ಒಂದು ನಿಮಿಷವೂ ಬಳಸದೆ ಮೂರನೇ ಒಂದು ಪಾಲಿಗೂ ಹೆಚ್ಚು ಬಂಡವಾಳ ಆವಿಯಾಗುವುದೆಂದರೆ ಇದೇ.

ಬಿಸಿಲಿನಲ್ಲಿ ನಿಲ್ಲಿಸಿದ, ಗಾಜು ಏರಿಸಿದ ಕಾರಿನೊಳಗೆ ಉಷ್ಣಾಂಶ 60 ಡಿಗ್ರಿಯನ್ನೂ ಮುಟ್ಟಬಹುದು. ಆದ್ದರಿಂದ ಬ್ಯಾಟರಿ ಚೀಲವನ್ನು ಗಾಡಿಯಲ್ಲಿ ಬಿಡದೆ ಕೈಯಲ್ಲೇ ಒಯ್ಯಬೇಕು. ಕಲ್ಲು, ತಗಡು, ಡ್ಯಾಶ್‌ಬೋರ್ಡುಗಳ ಮೇಲೆ ಇಡದೆ ನೆರಳಿನಲ್ಲಿ, ಬಟ್ಟೆಯ ಚೀಲದಲ್ಲಿ ಇಡಬೇಕು. ಮುಚ್ಚಳವಿರುವ ಥರ್ಮೊಕೋಲ್ ಪೆಟ್ಟಿಗೆ ಅಗ್ಗದ, ಉತ್ತಮ ಉಪಾಯ. ಆದರೆ ಅದರೊಳಗೆ ಮಂಜುಗಡ್ಡೆ ಹಾಕಬಾರದು, ಒದ್ದೆ ಬಟ್ಟೆ ಸುತ್ತಬಾರದು. ತೇವವು ಬ್ಯಾಟರಿಯ ಲೋಹದ ತುದಿಗಳನ್ನು ಹಾಳುಮಾಡುತ್ತದೆ.

ಆಷಾಢದ ಪಾಠ

ಮದುವೆಯ ವೃತ್ತಿಗೆ ಸುಗ್ಗಿಯಿರುವಂತೆ ಬಿಡುವೂ ಇದೆ. ಆಷಾಢದಲ್ಲಿ ಮುಹೂರ್ತಗಳಿಲ್ಲ. ಮುಂದೆಯೂ ಮದುವೆಗಳು ಮತ್ತೆ ಜೋರಾಗುವುದು ತುಳಸಿ ಲಗ್ನದ ಬಳಿಕವೇ. ಬ್ಯಾಟರಿಗಳು ಹೆಚ್ಚಾಗಿ ಹಾಳಾಗುವುದು ಕೆಲಸದ ದಿನಗಳಲ್ಲಲ್ಲ, ಈ ಬಿಡುವಿನ ದಿನಗಳಲ್ಲಿ. ಕೊನೆಯ ಮದುವೆ ಮುಗಿಸಿ ಬಂದವರು ಒಂದೋ ಬ್ಯಾಟರಿಗಳನ್ನು ಖಾಲಿಯಾಗಿಯೇ ಕಪಾಟಿಗೆ ಹಾಕುತ್ತಾರೆ, ಇಲ್ಲವೆ ಪೂರ್ತಿ ತುಂಬಿಸಿ ಮರೆಯುತ್ತಾರೆ. ಎರಡೂ ತಪ್ಪು.

ಖಾಲಿ ಬ್ಯಾಟರಿ ತಾನಾಗಿಯೇ ಇನ್ನೂ ಸೋರುತ್ತ ಹೋಗುತ್ತದೆ. ವೋಲ್ಟೇಜು ಒಂದು ಮಿತಿಗಿಂತ ಕೆಳಗಿಳಿದಾಗ ಅದರೊಳಗಿನ ರಕ್ಷಣಾ ವ್ಯವಸ್ಥೆ ಬಾಗಿಲು ಮುಚ್ಚಿಬಿಡುತ್ತದೆ. ಬಳಿಕ ಚಾರ್ಜರು ಅದನ್ನು ಗುರುತಿಸುವುದೂ ಇಲ್ಲ. ಪೂರ್ತಿ ತುಂಬಿದ ಬ್ಯಾಟರಿ ಮೇಲೆ ಹೇಳಿದಂತೆ ಕುಳಿತಲ್ಲೇ ಸವೆಯುತ್ತದೆ. ಅರ್ಧದಷ್ಟು ಚಾರ್ಜ್ ಇರುವಂತೆ ಮಾಡಿ, ಕ್ಯಾಮೆರಾದಿಂದಲೂ ಚಾರ್ಜರಿನಿಂದಲೂ ಬಿಡಿಸಿ, ಮನೆಯ ತಂಪಾದ ಒಣ ಕೋಣೆಯಲ್ಲಿ ಇಡುವುದೇ ಸರಿಯಾದ ಕ್ರಮ. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತರಬೇಕು. ಪುಷ್ಯ ಮಾಸದಲ್ಲಿ ಮದುವೆಗಳಿಲ್ಲದಿದ್ದರೂ ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಬರುತ್ತದೆ. ಹಗಲಿಗೆ ತೇರು, ರಾತ್ರಿಯಿಡೀ ನಾಟಕಗಳು. ಅಂಥ ಕೆಲಸ ಹಿಡಿದವರು ಹಿಂದಿನ ವಾರವೇ ಬ್ಯಾಟರಿಗಳನ್ನು ಹೊರತೆಗೆದು ಪರೀಕ್ಷಿಸಬೇಕು.

ಚಾರ್ಜಿಂಗಿನ ಶಿಸ್ತು

ಚಿತ್ರೀಕರಣ ಮುಗಿಸಿ ಬಂದೊಡನೆ, ಕೈಗೆ ಬಿಸಿ ತಾಗುವ ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸಬಾರದು. ಒಂದು ತಾಸು ಆರಲು ಬಿಡಬೇಕು. 10ರಿಂದ 30 ಡಿಗ್ರಿಯ ನಡುವೆ ಚಾರ್ಜ್ ಮಾಡುವುದು ಉತ್ತಮ. ಬೇಸಿಗೆಯಲ್ಲಿ ಅದಕ್ಕೆ ನಸುಕಿನ ಅಥವಾ ತಡರಾತ್ರಿಯ ಹೊತ್ತು ಅನುಕೂಲ. ವಾರಗಟ್ಟಲೆ ಮೊದಲೇ ತುಂಬಿಸಿಡದೆ, ಕೆಲಸದ ಹಿಂದಿನ ರಾತ್ರಿ ಪೂರ್ತಿ ತುಂಬಿಸಬೇಕು. ಕರೆಂಟು ಹೋಗುವ ಸಂಭವವಿರುವಲ್ಲಿ ಹಿಂದಿನ ದಿನ ಮಧ್ಯಾಹ್ನವೇ ಮುಕ್ಕಾಲು ಪಾಲು ತುಂಬಿಸಿ, ರಾತ್ರಿ ಉಳಿದದ್ದನ್ನು ಪೂರೈಸುವುದು ಜಾಣತನ. ಮಂಟಪದ ಜನರೇಟರಿನಿಂದ ಚಾರ್ಜ್ ಮಾಡಲೇಬೇಕಾದರೆ ಏರಿಳಿತ ತಡೆಯುವ ಉಪಕರಣದ ಮೂಲಕ ಮಾಡಬೇಕು.

ಅಗ್ನಿ ಸುರಕ್ಷತೆಯ ಮಾತನ್ನು ಇಲ್ಲಿ ಮರೆಯುವಂತಿಲ್ಲ. ಹಾಸಿಗೆ, ಗಾದಿ, ರಟ್ಟಿನ ಪೆಟ್ಟಿಗೆಗಳ ಮೇಲೆ ಚಾರ್ಜ್ ಮಾಡಬಾರದು. ಸೀರೆ ಅಂಗಡಿಯ ಮಾಳಿಗೆಯಲ್ಲಿ ಸ್ಟುಡಿಯೊ ನಡೆಸುವವರು ರೇಷ್ಮೆ, ನೂಲು, ಪ್ಲಾಸ್ಟಿಕ್ ಚೀಲಗಳಿಂದ ದೂರ, ಕಲ್ಲಿನ ಹಾಸಿನ ಮೇಲೆ ಚಾರ್ಜರು ಇಡಬೇಕು. ಉಬ್ಬಿದ, ಒಡೆದ, ಕೆಳಗೆ ಬಿದ್ದು ನಜ್ಜಾದ ಬ್ಯಾಟರಿಯನ್ನು ಚುಚ್ಚುವುದಾಗಲಿ ಮತ್ತೆ ಚಾರ್ಜ್ ಮಾಡುವುದಾಗಲಿ ಸಲ್ಲದು. ಅದನ್ನು ವಿಲೇವಾರಿ ಮಾಡುವವರೆಗೆ ಕಟ್ಟಡದ ಹೊರಗೆ, ಉರಿಯುವ ವಸ್ತುಗಳಿಲ್ಲದ ಜಾಗದಲ್ಲಿ, ಮರಳು ಹಾಕಿದ ಮಡಿಕೆಯಲ್ಲಿ ಇಡಬಹುದು.

ಬ್ಯಾಟರಿಗೂ ಒಂದು ಖಾತೆ

ಇದುವರೆಗೆ ಹೇಳಿದ ಎಲ್ಲ ಎಚ್ಚರಿಕೆಗಳಿಗಿಂತ ಹೆಚ್ಚಿನ ಪ್ರಯೋಜನ ಕೊಡುವುದು ಹತ್ತು ರೂಪಾಯಿಯ ಒಂದು ನೋಟ್‌ಬುಕ್ಕು. ಪ್ರತಿ ಬ್ಯಾಟರಿಗೂ ಒಂದು ಸಂಖ್ಯೆ ಕೊಟ್ಟು ಮೇಲೆ ಅಂಟಿಸಬೇಕು. ಕೊಂಡ ದಿನಾಂಕ, ಬಿಲ್ಲಿನ ಸಂಖ್ಯೆ, ಬೆಲೆಗಳನ್ನು ವಹಿಯಲ್ಲಿ ಬರೆಯಬೇಕು. ಹೊಸದಿದ್ದಾಗಲೇ ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾವನ್ನು ನಿಶ್ಚಿತ ಹೊಂದಾಣಿಕೆಯಲ್ಲಿ ಇಟ್ಟು, ಎಷ್ಟು ನಿಮಿಷ ನಡೆಯಿತೆಂದು ದಾಖಲಿಸಬೇಕು. ನಾಲ್ಕು ತಿಂಗಳಿಗೊಮ್ಮೆ ಅದೇ ಕ್ಯಾಮೆರಾದಲ್ಲಿ, ಅದೇ ಹೊಂದಾಣಿಕೆಯಲ್ಲಿ ಮತ್ತೆ ಅಳೆಯಬೇಕು.

ಮೊದಲ ದಿನ 200 ನಿಮಿಷ ನಡೆದ ಬ್ಯಾಟರಿ 160 ನಿಮಿಷಕ್ಕೆ ಇಳಿದರೆ ಅದು 80 ಪ್ರತಿಶತಕ್ಕೆ ಬಂದಿದೆ ಎಂದರ್ಥ. ಅದನ್ನು ಮುಖ್ಯ ಕೆಲಸದಿಂದ ತೆಗೆದು ಲೈಟಿಗೆ ಅಥವಾ ಮಾನಿಟರಿಗೆ ವರ್ಗಾಯಿಸುವ ಕಾಲ ಬಂದಿತು. ಇನ್ನೂ ಇಳಿದರೆ ಸ್ಟುಡಿಯೊದ ಒಳಗಿನ ಪರೀಕ್ಷೆಗಳಿಗೆ ಮಾತ್ರ ಬಳಸಬೇಕು. ಮುಹೂರ್ತದ ಹೊತ್ತಿಗೆ ಯಾವ ಸಂಖ್ಯೆಯ ಬ್ಯಾಟರಿ ಕ್ಯಾಮೆರಾದಲ್ಲಿರಬೇಕೆಂಬುದನ್ನು ಮೊದಲೇ ನಿರ್ಧರಿಸಿರಬೇಕು. ಅದು ವಹಿಯಲ್ಲಿ ಎಲ್ಲಕ್ಕಿಂತ ಗಟ್ಟಿಯೆಂದು ದಾಖಲಾದುದೇ ಆಗಿರಬೇಕು. ಆ ಗಳಿಗೆಗೆ ಹತ್ತು ನಿಮಿಷ ಮೊದಲು, ಹಳೆಯದರಲ್ಲಿ ಇನ್ನೂ ಚಾರ್ಜ್ ಉಳಿದಿದ್ದರೂ, ಬ್ಯಾಟರಿಯನ್ನು ಬದಲಿಸಬೇಕು. ಲಿಥಿಯಮ್ ಬ್ಯಾಟರಿಗೆ ಅರ್ಧದಲ್ಲಿ ತೆಗೆದುದರಿಂದ ನಷ್ಟವಿಲ್ಲವಾದ್ದರಿಂದ ಇದಕ್ಕೆ ಹಿಂಜರಿಯಬೇಕಿಲ್ಲ. ತುಂಬಿದವು ಚೀಲದ ಬಲ ಜೇಬಿಗೆ, ಬಳಸಿದವು ಎಡ ಜೇಬಿಗೆ ಎಂಬಂಥ ಸರಳ ಕಟ್ಟಳೆಯನ್ನು ಸಹಾಯಕ ಹುಡುಗರಿಗೂ ಕಲಿಸಿದರೆ ಗಡಿಬಿಡಿಯಲ್ಲಿ ಖಾಲಿ ಬ್ಯಾಟರಿ ಕೈಗೆ ಬರುವ ಪ್ರಮಾದ ತಪ್ಪುತ್ತದೆ.

ಹಣದ ಲೆಕ್ಕದಲ್ಲೂ ಇದು ಸ್ಪಷ್ಟ. ಉದಾಹರಣೆಗೆ ರೂ. 6,000 ಬೆಲೆಯ ಬ್ಯಾಟರಿ ಅಜಾಗರೂಕತೆಯಿಂದ 400 ತಾಸು ದುಡಿದು ಸತ್ತರೆ ತಾಸಿಗೆ ರೂ. 15 ಬಿದ್ದಂತಾಯಿತು. ಅದನ್ನೇ ಜೋಪಾನ ಮಾಡಿ 800 ತಾಸು ನಡೆಸಿದರೆ ತಾಸಿಗೆ ರೂ. 7.50. ಆರು ಬ್ಯಾಟರಿಗಳಿರುವ ಸ್ಟುಡಿಯೊಗೆ ಈ ವ್ಯತ್ಯಾಸ ಕಡಿಮೆಯದಲ್ಲ. ಆದರೂ ದೊಡ್ಡ ನಷ್ಟವಿರುವುದು ಬೇರೆ ಕಡೆ. ಒಂದು ಮದುವೆಯಲ್ಲಿ ಕ್ಯಾಮೆರಾ ನಿಂತ ಸುದ್ದಿ ಬೀಗರ ಊರಿಗೂ ತಲುಪುತ್ತದೆ. ಅದರಿಂದ ಕೈತಪ್ಪುವ ಕೆಲಸಗಳು ಯಾವ ವಹಿಯಲ್ಲೂ ಕಾಣಿಸುವುದಿಲ್ಲ.

ಖರೀದಿ, ಬಿಲ್ಲು, ವಿಲೇವಾರಿ

ಮಾರುಕಟ್ಟೆಯಲ್ಲಿ ಮೂಲ ಕಂಪನಿಯ ಬ್ಯಾಟರಿಗಳ ಜೊತೆಗೆ ಅರ್ಧಕ್ಕಿಂತ ಕಡಿಮೆ ಬೆಲೆಯ ಅನ್ಯ ತಯಾರಿಕೆಗಳೂ ದೊರೆಯುತ್ತವೆ. ಅನ್ಯ ತಯಾರಿಕೆಗಳೆಲ್ಲ ಕೆಟ್ಟವಲ್ಲ. ಆದರೆ ಅದೇ ಗಾತ್ರದ, ಅದೇ ತೂಕದ ಬ್ಯಾಟರಿಯ ಮೇಲೆ ಮೂಲದ್ದಕ್ಕಿಂತ ಒಂದೂವರೆ ಪಟ್ಟು ಸಾಮರ್ಥ್ಯ ಮುದ್ರಿತವಾಗಿದ್ದರೆ ಸಂಶಯಪಡಬೇಕು. ಮೇಲೆ ವಿವರಿಸಿದ ನಿಮಿಷಗಳ ಪರೀಕ್ಷೆಯನ್ನು ಕೊಂಡ ವಾರದಲ್ಲೇ ಮಾಡಿದರೆ, ವಾರಂಟಿಯ ಅವಧಿಯಲ್ಲೇ ಸತ್ಯ ತಿಳಿಯುತ್ತದೆ. ಸಾಗಿಸಬಹುದಾದ ಉಪಕರಣಗಳ ಲಿಥಿಯಮ್ ಬ್ಯಾಟರಿಗಳಿಗೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಕಡ್ಡಾಯ. ಐಎಸ್ 16046 ಮಾನಕದ ಉಲ್ಲೇಖ ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬ್ಯಾಟರಿಯ ಮೇಲೆ ಹುಡುಕಿ ನೋಡಬೇಕು.

ಜಿಎಸ್‌ಟಿ ಬಿಲ್ಲಿಲ್ಲದೆ ಕೊಳ್ಳುವುದು ಅಗ್ಗವೆಂಬ ಭ್ರಮೆ ಬೇಡ. ಲಿಥಿಯಮ್-ಅಯಾನ್ ಬ್ಯಾಟರಿಗಳ ಮೇಲಿನ ತೆರಿಗೆಯನ್ನು 2018ರ ಜುಲೈನಲ್ಲಿ 28ರಿಂದ 18 ಪ್ರತಿಶತಕ್ಕೆ ಇಳಿಸಲಾಯಿತು. ನೋಂದಾಯಿತ ಸ್ಟುಡಿಯೊಗಳು ಸರಿಯಾದ ಬಿಲ್ಲಿದ್ದರೆ ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಬಿಲ್ಲಿಲ್ಲದವರಿಗೆ ತೆರಿಗೆಯ ಜಮೆಯೂ ಇಲ್ಲ, ವಾರಂಟಿಯೂ ಇಲ್ಲ.

ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬಾರದು. 2001ರ ನಿಯಮಗಳ ಸ್ಥಾನದಲ್ಲಿ ಬಂದಿರುವ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಕೆದಾರರು ಹಳೆಯ ಬ್ಯಾಟರಿಗಳನ್ನು ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೆ ತಲುಪಿಸಬೇಕು. ಅವುಗಳ ಅಂತಿಮ ಜವಾಬ್ದಾರಿ ತಯಾರಕರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆಯಿದೆಯೇ ಎಂದು ಅಂಗಡಿಯವರನ್ನು ಕೇಳುವ ರೂಢಿ ಬೆಳೆಯಬೇಕು. ಕೊಡುವ ಮೊದಲು ಲೋಹದ ತುದಿಗಳಿಗೆ ಟೇಪು ಅಂಟಿಸಬೇಕು.

ಹುಬ್ಬಳ್ಳಿಯಿಂದ ವಿಮಾನ ಹಿಡಿದು ಪರಸ್ಥಳದ ಕೆಲಸಕ್ಕೆ ಹೋಗುವವರು ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಮೀರದವು ಸಾಮಾನ್ಯವಾಗಿ ಅಂಗೀಕೃತ. 100ರಿಂದ 160ರವರೆಗಿನ ಬಿಡಿ ಬ್ಯಾಟರಿಗಳು ವಿಮಾನ ಸಂಸ್ಥೆಯ ಅನುಮತಿಯ ಮೇಲೆ ಎರಡು ಮಾತ್ರ. ಅದಕ್ಕೂ ದೊಡ್ಡವು ಪ್ರಯಾಣಿಕರೊಡನೆ ಹೋಗುವಂತಿಲ್ಲ.

ಚಿತ್ರೀಕರಣ ಮಾಡಿಸುವವರಿಗೆ

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಇಳಕಲ್ಲಿನದೇ ಕೆಂಪು ಗ್ರಾನೈಟ್ ಇವುಗಳ ವ್ಯಾಪಾರಿಗಳು ಇಂದು ಮಗ್ಗದಿಂದ, ಗಣಿಯಿಂದ ನೇರವಾಗಿ ಚಿತ್ರೀಕರಿಸಿ ದೂರದ ಗಿರಾಕಿಗಳಿಗೆ ಕಳುಹಿಸುತ್ತಾರೆ. ಇಂಥ ಕೆಲಸ ವಹಿಸುವ ಮುನ್ನ ವಿಡಿಯೊದವರಿಗೆ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು. ಎಷ್ಟು ಬ್ಯಾಟರಿ ತರುತ್ತೀರಿ? ಅವು ಯಾವ ವರ್ಷ ಕೊಂಡವು? ಕರೆಂಟು ಇಲ್ಲದೆ ಎಷ್ಟು ತಾಸು ನಡೆಸಬಲ್ಲಿರಿ? ಮೂರಕ್ಕೂ ತಡವರಿಸದೆ ಉತ್ತರಿಸುವವನು ಉಳಿದ ವಿಷಯಗಳಲ್ಲೂ ಲೆಕ್ಕವಿಟ್ಟವನೇ ಆಗಿರುತ್ತಾನೆ. ದರದಲ್ಲಿ ಚೌಕಾಶಿ ಮಾಡುವ ವ್ಯಾಪಾರಿಗಳು ಈ ವೆಚ್ಚವೂ ದರದಲ್ಲಿ ಅಡಗಿದೆಯೆಂಬುದನ್ನು ನೆನೆಯಬೇಕು. ಬಿಲ್ಲು ಮಾಡುವ ಯಂತ್ರ, ಮೊಬೈಲು, ಕೈಯಲ್ಲಿ ಹಿಡಿಯುವ ಡ್ರಿಲ್ಲು ಹೀಗೆ ತಮ್ಮ ಅಂಗಡಿ, ಕಾರ್ಖಾನೆಗಳಲ್ಲಿರುವ ಎಲ್ಲ ಲಿಥಿಯಮ್ ಬ್ಯಾಟರಿಗಳಿಗೂ ಉಷ್ಣದ ಹಾಗೂ ಅರ್ಧ ಚಾರ್ಜಿನ ಈ ನಿಯಮಗಳೇ ಅನ್ವಯಿಸುತ್ತವೆ.

ಐಹೊಳೆ ಗುಡಿಗಳಿಗೆ ಮಾತ್ರ ಹೆಸರಾದ ಊರಲ್ಲ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು ಇದೇ. ಆ ಸಂಘದ ವ್ಯವಹಾರ ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿ ಕಡಲಾಚೆಗೂ ಚಾಚಿತ್ತು. ಸುಮಾತ್ರಾ ದ್ವೀಪದ ಬಾರೂಸಿನ ಬಳಿ ಐನೂರ್ವರನ್ನು ಹೆಸರಿಸುವ 1088ರ ತಮಿಳು ಶಾಸನ ದೊರೆತಿದೆ. ಹೇರಿನ ಪ್ರಾಣಿಗಳ ಮೇಲೆ ಸರಕು ಸಾಗಿಸುತ್ತಿದ್ದ ಆ ಕಾಲದ ವರ್ತಕರಿಗೆ ಪ್ರಾಣಿ ಎಷ್ಟು ಭಾರ ಹೊರಬಲ್ಲದು, ಎಲ್ಲಿ ಇಳುಹಿ ದಣಿವಾರಿಸಬೇಕು ಎಂಬುದು ತಿಳಿದಿರಲೇಬೇಕಿತ್ತು. ದಾರಿಯ ನಡುವೆ ಅದು ಕುಸಿದರೆ ಸರಕೂ ಹೋಗುತ್ತಿತ್ತು, ಮಾತೂ ಹೋಗುತ್ತಿತ್ತು. ಇಂದು ಅದೇ ಊರಿನ ಅಂಗಳದಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವವರ ಹೇರನ್ನು ಹೊರುವುದು ಅಂಗೈಯಗಲದ ಒಂದು ಬ್ಯಾಟರಿ. ಅದರ ಶಕ್ತಿಯನ್ನು ಅಳೆದು, ಬಿಸಿಲಿನಿಂದ ಕಾಯ್ದು, ದಣಿದಾಗ ಬದಲಿಸಿ, ವಹಿಯಲ್ಲಿ ಬರೆದಿಟ್ಟವರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಗದು.